ಹಾರ ಯಾರ ಕೊರಳಿಗೆ?

(ಮಾವಳ್ಳಿಯಲ್ಲಿ ಸೇರಿದ್ದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕಾರ್ಯಕರ್ತರ ಮುಂದೆ ಆಡಿದ ಮಾತು)



ನಾನು ಭಾಷಣಕಾರ ಅಲ್ಲ. ಕರೆದ ಗೆಳೆಯರು ಒಂದು ವಿಷಯ ಕೊಟ್ಟಿದ್ದಾರೆ: ಸೋಲಿನ ನಂತರ ಸಂಘಟನೆ. ಸಾಮಾನ್ಯವಾಗಿ ಗೆದ್ದವರನ್ನು ಕರೆದು ‘ಹೇಗೆ ಗೆದ್ದಿರಿ’ ಅಂತ ಕೇಳುವುದು ವಾಡಿಕೆ. ನನ್ನನ್ನು ಕರೆದದ್ದು ಸೋತವನು ಅಂತ. ಬೇಜಾರಿಲ್ಲ. ಈ ಕೋಣೆಯಲ್ಲಿ ಕೂತವರಲ್ಲಿ ಸೋಲದವರು ಯಾರಿದ್ದೀರಿ, ಕೈ ಎತ್ತಿ ನೋಡುವಾ. ನೋಡಿ, ಒಂದೂ ಕೈ ಇಲ್ಲ. ಹಾಗಾದರೆ ನಾವು ಮನೆಯವರ ಹಾಗೆ ಮಾತಾಡಬಹುದು.

ಈಗ ಬಸ್ಸಿನಲ್ಲಿ ಬರುವಾಗ ಹೆದ್ದಾರಿಯಿಂದಲೇ ಮುರ್ಡೇಶ್ವರದ ಗೋಪುರ ಕಂಡಿತು. ಎಷ್ಟು ದೂರದಿಂದ ಕಾಣುತ್ತದೆ ಅದು! ಅಲ್ಲೇ ಮೂಡಣಕ್ಕೆ ತಿರುಗಿದರೆ ಘಟ್ಟ, ಘಟ್ಟದ ಬುಡಕ್ಕೆ ಕಾಡು, ಕಾಡಿನ ಅಂಚಿನಲ್ಲಿ ನಮ್ಮ ಕೇರಿಗಳು. ಅವು ಯಾವ ಹೆದ್ದಾರಿಯಿಂದಲೂ ಕಾಣುವುದಿಲ್ಲ. ಸರ್ಕಾರದ ಕಾಗದದಲ್ಲಿ ಮಾತ್ರ ನಾವು ಕಾಣುತ್ತೇವೆ. ಅಲ್ಲಿ ನಮ್ಮ ಹೆಸರು ‘ಅತಿಕ್ರಮಣದಾರ’.

ನಮ್ಮ ಕೇರಿಯಲ್ಲಿ ಇಪ್ಪತ್ತಮೂರು ಮನೆ. ಕೂಲಿ ಮಾಡಿ ತಿನ್ನುವ ಮಂದಿ. ಗದ್ದೆ ಇದ್ದವರ ಗದ್ದೆಯಲ್ಲಿ ನೆಟ್ಟವರು ನಾವು, ಕೊಯ್ದವರು ನಾವು. 1974ರ ಭೂಸುಧಾರಣೆ ಕಾಯ್ದೆ ಬಂದಾಗ ಗೇಣಿ ಒಕ್ಕಲು ಆಗಿದ್ದವರು ಡಿಕ್ಲರೇಷನ್ ಹಾಕಿದರು, ಭೂಮಿ ಪಡೆದರು, ಒಳ್ಳೆಯದಾಯಿತು. ಆದರೆ ಗೇಣಿ ಒಕ್ಕಲು ಆಗುವುದಕ್ಕೂ ಒಂದು ಯೋಗ್ಯತೆ ಬೇಕಿತ್ತು. ನಾವು ಒಕ್ಕಲಲ್ಲ, ಒಕ್ಕಲಿನ ಆಳು. ಆಳಿಗೆ ಯಾವ ನಮೂನೆಯೂ ಇರಲಿಲ್ಲ. ಹಾಗಾಗಿ ನಮಗೆ ಉಳಿದದ್ದು ಕಾಡಿನ ಅಂಚು. ಮನೆ, ಹತ್ತು ತೆಂಗು, ಒಂದಿಷ್ಟು ಗೇರು, ಅಷ್ಟೇ.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅಲ್ಲಿಯ ವರೆಗೆ ಕಾಡಿನಲ್ಲಿ ಇದ್ದವರಿಗೆ ಅನ್ಯಾಯ ಆಗಿದೆ ಅಂತ ಪಾರ್ಲಿಮೆಂಟು ತಾನೇ ಒಪ್ಪಿಕೊಂಡು ಬರೆದ ಕಾಯ್ದೆ ಅದು. ನಾವು ಕುಣಿದೆವು. ನಾನೇ ಮುಂದೆ ನಿಂತು ಇಪ್ಪತ್ತಮೂರೂ ಮನೆಯ ಅರ್ಜಿ ತುಂಬಿಸಿದೆ. ಗ್ರಾಮಸಭೆ ಆಯಿತು, ಅರಣ್ಯ ಹಕ್ಕು ಸಮಿತಿ ಆಯಿತು, ಜಿ.ಪಿ.ಎಸ್. ಹಿಡಿದುಕೊಂಡು ಬಂದು ಸುತ್ತು ಹಾಕಿದರು. ಆ ದಿನಗಳಲ್ಲಿ ಸಭೆ ಅಂದರೆ ಅರವತ್ತು ಜನ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಕೂರುತ್ತಿದ್ದರು. ನಾನು ಏನು ಹೇಳಿದೆ ಗೊತ್ತೇ? ‘ಮುಂದಿನ ಮಳೆಗಾಲದೊಳಗೆ ಹಕ್ಕುಪತ್ರ ನಿಮ್ಮ ಕೈಯಲ್ಲಿ’ ಅಂದೆ. ಎಂಥ ಮಾತು! ನನ್ನ ಕೈಯಲ್ಲಿ ಇಲ್ಲದ್ದನ್ನು ನಾನು ಅವರ ಕೈಗೆ ಕೊಟ್ಟುಬಿಟ್ಟೆ.

ಆಮೇಲೆ ಎಷ್ಟೋ ಮಳೆಗಾಲ ಹೋದ ಮೇಲೆ ಬಂದದ್ದು ಒಂದು ಸಾಲಿನ ಕಾಗದ. ‘75 ವರ್ಷಗಳ ದಾಖಲೆ ಇಲ್ಲದ ಕಾರಣ ತಿರಸ್ಕರಿಸಲಾಗಿದೆ.’ ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ.

ಆ 75 ವರ್ಷದ ಸಂಗತಿ ನಿಮಗೆಲ್ಲ ಗೊತ್ತಿದ್ದದ್ದೇ. ಆದರೂ ಹುಡುಗರು ಇದ್ದಾರೆ, ಹೇಳುತ್ತೇನೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ಇದ್ದೆವು ಅಂತ ತೋರಿಸಿದರೆ ಸಾಕು. ನಾವು ಪರಿಶಿಷ್ಟ ಜಾತಿ. ಮುಕ್ರಿ ಇರಲಿ, ಆಗೇರ ಇರಲಿ, ಹಳ್ಳೇರ ಇರಲಿ, ಆ ಕಾಯ್ದೆಯ ಲೆಕ್ಕದಲ್ಲಿ ನಾವು ‘ಇತರೆ ಪಾರಂಪರಿಕ ಅರಣ್ಯವಾಸಿ’. ಆ ‘ಇತರೆ’ಯವರು ಮೂರು ತಲೆಮಾರು, ಅಂದರೆ 75 ವರ್ಷ ಹಿಂದಕ್ಕೆ ತೋರಿಸಬೇಕು. 2005ರಿಂದ 75 ಕಳೆಯಿರಿ. 1930. ಹಾಗಾದರೆ ಪ್ರಶ್ನೆ ಇದು: 1930ರ ಡಿಸೆಂಬರಿಗೆ ಮೊದಲು ನಿನ್ನ ಅಜ್ಜ ಎಲ್ಲಿದ್ದ, ಕಾಗದ ತೋರಿಸು.

1930ರಲ್ಲಿ ಅಸ್ಪೃಶ್ಯನ ಹತ್ತಿರ ಕಾಗದ! ಶಾಲೆಯ ಜಗಲಿ ಹತ್ತಲು ಬಿಡದವರೇ ಇಂದು ಶಾಲೆಯ ದಾಖಲೆ ಕೇಳುತ್ತಾರೆ. ಆ ವರ್ಷದ ನವೆಂಬರಿನಲ್ಲಿ ಬಾಬಾಸಾಹೇಬರು ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ನಮಗೂ ಓಟು ಬೇಕು ಅಂತ ವಾದ ಮಾಡುತ್ತಿದ್ದರು. ಓಟಿನ ಪಟ್ಟಿಯಲ್ಲೇ ಇಲ್ಲದವನು ಯಾವ ಪಟ್ಟಿ ತರಬೇಕು?

ಇದನ್ನೆಲ್ಲ ನಾನು ಈಗ ಜೋರಾಗಿ ಹೇಳುತ್ತೇನೆ. ಆವಾಗ ಹೇಳಲಿಲ್ಲ. ಆವಾಗ ನಾನು ಬಾವಿಕಟ್ಟೆಯ ದಾರಿ ಬಿಟ್ಟು ಹಾಡಿಯ ದಾರಿಯಲ್ಲಿ ಸುತ್ತಿ ಮನೆಗೆ ಹೋಗುತ್ತಿದ್ದೆ, ಯಾರ ಮುಖವನ್ನೂ ನೋಡಲಿಕ್ಕಾಗದೆ. ಕೇರಿಯಲ್ಲಿ ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ‘ಎಂತ ಸಂಘವೋ ಮಾರಾಯ, ನಮ್ಮ ಹಣೆಬರ’ ಅಂತ ಸುಮ್ಮನಾದರು. ನಂತರದ ಸಭೆಗೆ ಬಂದವರು ಒಂಬತ್ತು ಜನ. ಅದರ ನಂತರದ್ದಕ್ಕೆ ನಾಲ್ಕು, ಅದರಲ್ಲಿ ಇಬ್ಬರು ನನ್ನ ಮನೆಯವರೇ. ಬಂಧುಗಳೇ, ಅರ್ಜಿ ತಿರಸ್ಕೃತವಾದದ್ದು ಒಂದು ಸೋಲು. ‘ಹಣೆಬರ’ ಅನ್ನುವ ಮಾತು ಕೇರಿಗೆ ವಾಪಸು ಬಂದದ್ದು ಅದಕ್ಕಿಂತ ದೊಡ್ಡ ಸೋಲು. ಎಷ್ಟು ವರ್ಷ ಬೇಕಾಗಿತ್ತು ಆ ಮಾತನ್ನು ಓಡಿಸಲಿಕ್ಕೆ!

2019ರ ಫೆಬ್ರವರಿ 13ಕ್ಕೆ ಸುಪ್ರೀಂ ಕೋರ್ಟಿನ ಆದೇಶ ಬಂತು, ಅರ್ಜಿ ತಿರಸ್ಕೃತವಾದವರನ್ನು ಎಬ್ಬಿಸಬೇಕು ಅಂತ. ಹದಿನೈದು ದಿನ ಕೇರಿಯಲ್ಲಿ ಸರಿಯಾಗಿ ಒಲೆ ಉರಿಯಲಿಲ್ಲ. ಫೆಬ್ರವರಿ 28ಕ್ಕೆ ಅದೇ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ತಿರಸ್ಕೃತ ಅರ್ಜಿಗಳನ್ನು ಮತ್ತೊಮ್ಮೆ ನೋಡುತ್ತೇವೆ ಅಂತ ರಾಜ್ಯಗಳು ಒಪ್ಪಿದವು. ದಾರಿ ತೆರೆದಿತ್ತು. ಹೋಗುವವರು ಇರಲಿಲ್ಲ.

ಆ ಹೊತ್ತಿನಲ್ಲಿ ನಡೆದದ್ದನ್ನು ಹೇಳಬೇಕು ಅಂತಲೇ ಬಂದಿದ್ದೇನೆ.

ಕೇರಿಯ ಒಬ್ಬ ಅಜ್ಜಿ ನನ್ನನ್ನು ಕರೆಸಿದಳು. ಅವಳದ್ದೂ ಒಂದು ಅರ್ಜಿ ಇತ್ತು. ತಿರಸ್ಕಾರದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳು. ಅದನ್ನು ತೆಗೆದು ನನ್ನ ಮುಂದೆ ಹಿಡಿದು, ‘ಇದರಲ್ಲಿ ಎಂತ ಬರ್ದದೆ ಹೇಳಿ ಒಮ್ಮೆ ಓದು ತಮ್ಮಾ. ಆಗಿಲ್ಲ ಅಂತ ನೀನು ಹೇಳಿದ್ದು ಗೊತ್ತು. ಅವರು ಎಂತ ಹೇಳಿದ್ರು ಅಂತ ಯಾರೂ ಓದಿ ಹೇಳ್ಲಿಲ್ಲ’ ಅಂದಳು.

ನನಗೆ ನಾಚಿಕೆಯಾಯಿತು. ಇಪ್ಪತ್ತಮೂರು ಮನೆಗೆ ಕಾಗದ ಬಂದಿದೆ, ಒಂದು ಮನೆಯಲ್ಲೂ ಅದನ್ನು ಓದಿ ಹೇಳಿರಲಿಲ್ಲ. ಓದಿದೆ. ಅವಳು ಕೇಳಿದಳು: ‘ದಾಖಲೆ ಅಂದ್ರೆ ಎಂತದ್ದು? ಆ ಬಾವಿ ದಾಖಲೆ ಅಲ್ದಾ? ಅದನ್ನ ತೋಡಿದ್ದು ನನ್ನ ಮಾವ. ನಾನು ಮದುವೆಯಾಗಿ ಬರೂಕೆ ಮೊದ್ಲೇ ಆ ಬಾವಿ ಹಳೇದು.’

ನಾನು ಮನೆಗೆ ಬಂದು ಕಾಯ್ದೆಯ ಪುಸ್ತಕ ತೆಗೆದೆ. ಅರ್ಜಿ ತುಂಬುವಾಗ ನಾನು ಮೊದಲ ನಾಲ್ಕು ಪುಟ ಮಾತ್ರ ಓದಿದ್ದೆ. ಒಪ್ಪಿಕೊಳ್ಳುತ್ತೇನೆ. ಅದರ ನಿಯಮ 13ರಲ್ಲಿ ಯಾವ ಯಾವ ಸಾಕ್ಷ್ಯ ಆಗುತ್ತದೆ ಅಂತ ಪಟ್ಟಿ ಇದೆ. ಸರ್ಕಾರಿ ದಾಖಲೆ ಇದೆ, ರೇಷನ್ ಕಾರ್ಡು, ಮನೆ ಕಂದಾಯದ ರಶೀದಿ ಇದೆ, ಕೋರ್ಟಿನ ಕಾಗದ ಇದೆ. ಜೊತೆಗೆ ಹಳೆಯ ಬಾವಿ, ಸ್ಮಶಾನ, ಪೂಜೆಯ ಜಾಗ ಇದೆ. ವಂಶವೃಕ್ಷ ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಇದೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ಇನ್ನೊಂದು ಸಂಗತಿ: ಕಾಯ್ದೆ 75 ವರ್ಷ ಕೇಳುವುದು ಆ ಕಾಡಿನ ಆಸರೆಯಲ್ಲಿ ನಮ್ಮ ವಾಸಕ್ಕೆ. ಅದೇ ಹತ್ತು ಗುಂಟೆಯನ್ನು 75 ವರ್ಷ ಉತ್ತಿದ್ದೇವೆ ಅಂತ ತೋರಿಸು ಅಂತ ಅಲ್ಲ.

ನೋಡಿ ಬಂಧುಗಳೇ. ಆ ಬಾವಿ ಯಾಕೆ ತೋಡಿದರು? ಊರ ಬಾವಿಯಲ್ಲಿ ಹಗ್ಗ ಬಿಡಲು ನಮಗೆ ಬಿಡಲಿಲ್ಲ, ಅದಕ್ಕೆ. ಸ್ಮಶಾನ ಯಾಕೆ ಬೇರೆ? ಸತ್ತ ಮೇಲೂ ಮುಟ್ಟಬಾರದು, ಅದಕ್ಕೆ. ನಮ್ಮನ್ನು ದೂರ ಇಟ್ಟ ಗುರುತುಗಳೇ ನಾವು ಇಲ್ಲಿಯವರು ಅನ್ನುವುದಕ್ಕೆ ಸಾಕ್ಷಿಯಾಗಿ ನಿಂತಿವೆ. ಈ ವಿಚಾರ ಓದಿದ ನನಗೆ ಹೊಳೆಯಲಿಲ್ಲ. ಅಕ್ಷರ ಬಾರದ ಅಜ್ಜಿಗೆ ಹೊಳೆಯಿತು.

ಆ ಅಜ್ಜಿ ಅರ್ಜಿದಾರಳು, ಅವಳ ಅರ್ಜಿಗೆ ಅವಳದ್ದೇ ಹೇಳಿಕೆ ಆಗುವುದಿಲ್ಲ. ಆದರೆ ಮಿಕ್ಕ ಇಪ್ಪತ್ತೆರಡಕ್ಕೆ ಆಗುತ್ತದೆ. ಒಂದು ಭಾನುವಾರ ಅವಳ ಅಂಗಳದಲ್ಲಿ ಕೂತು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದೆವು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆವು. ಎರಡು ಕಡೆ ‘ಹಾಗಲ್ಲ’ ಅಂತ ತಿದ್ದಿಸಿದಳು. ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಬೇರೆ ಕೇರಿಯ ಒಬ್ಬ ಮುದುಕರ ಹೇಳಿಕೆ ಸಿಕ್ಕಿತು. ಆ ಹೊತ್ತಿಗೆ ಅಂಗಳದಲ್ಲಿ ಹನ್ನೊಂದು ಜನ ಸೇರಿದ್ದರು. ಯಾರೋ ಅವಲಕ್ಕಿ ತಂದರು, ಯಾರೋ ಬೆಲ್ಲ, ಒಂದು ಕಾಯಿ ಒಡೆದು ಹೆರೆದರು, ಚಾ ಮಾಡಿದರು. ಒಬ್ಬ ಹುಡುಗ ತಮಾಷೆಗೆ ಕೇಳಿದ: ‘ಎಂತಕ್ಕೆ ಈ ಅವಲಕ್ಕಿ, ಹಕ್ಕುಪತ್ರ ಬಂತಾ?’ ಅಜ್ಜಿ ಹೇಳಿದಳು: ‘ನನ್ನ ಮಾವನ ಹೆಸರು ಕಾಗದಕ್ಕೆ ಬಂತಲ್ಲ, ತಿನ್ನು.’

ಅಂದಿನಿಂದ ನಾವು ಒಂದು ಪುಸ್ತಕ ಇಟ್ಟೆವು, ಇನ್ನೂರು ಪುಟದ್ದು, ಶಾಲೆ ಮಕ್ಕಳ ನೋಟ್ ಬುಕ್ಕು. ಆಗಿದ್ದನ್ನು ಬರೆಯುವುದು. ಯಾರು ಮಾಡಿದರು, ಯಾವ ದಿನ, ಎಷ್ಟು ಖರ್ಚಾಯಿತು. ಪ್ರತಿ ಸಭೆಯಲ್ಲಿ ಮೊದಲು ಅದನ್ನು ಓದುವುದು, ಆಮೇಲೆ ಆಗದೆ ಉಳಿದದ್ದನ್ನು ಮಾತಾಡುವುದು. ಮೊದಲು ನಮ್ಮ ಸಭೆ ನಡೆಯುತ್ತಿದ್ದದ್ದು ತಿರುಗುಮುರುಗು. ಎರಡು ತಾಸು ಅನ್ಯಾಯದ ಪಟ್ಟಿ, ಕೊನೆಗೆ ಘೋಷಣೆ, ಕತ್ತಲೆಯಲ್ಲಿ ಮನೆಗೆ. ಇಡೀ ದಿನ ದಣಿದು ಬಂದ ಹೆಂಗಸಿಗೆ ತನ್ನ ಕಷ್ಟವನ್ನೇ ಮೈಕಿನಲ್ಲಿ ಕೇಳುವುದಕ್ಕೆ ಯಾಕೆ ಬರಬೇಕು?

ಎರಡನೇ ಗೆಲುವು ಒಂದು ಸೀಲು. ಪುನರ್ ಪರಿಶೀಲನೆಗೆ ಕಾಗದ ಕಟ್ಟಿ ಒಂದು ಕಚೇರಿಗೆ ಒಯ್ಯಬೇಕಿತ್ತು. ಯಾವ ಕಚೇರಿ ಅಂತ ಬೇಡ, ಎಲ್ಲ ಕಚೇರಿಯೂ ಅದೇ. ನಾನೇ ಹೋಗುತ್ತೇನೆ ಅಂತ ಹೊರಟೆ. ಕೇರಿಯ ಹೆಂಗಸರು ‘ನೀನು ಬೇಡ, ನೀನು ಅವರ ಕೂಡೆ ಜಗಳ ಮಾಡಿ ಬರ್ತೆ’ ಅಂದರು. ಪಿ.ಯು.ಸಿ. ಪಾಸಾಗಿ ಮನೆಯಲ್ಲಿದ್ದ ಒಬ್ಬ ಹುಡುಗಿಯನ್ನು ಕಳಿಸಿದರು. ಅವಳು ಒಬ್ಬಳೇ ಹೋದಳು. ಟೇಬಲ್ಲಿನವರು ‘ಇಟ್ಟು ಹೋಗು’ ಅಂದರು. ‘ಸ್ವೀಕೃತಿ ಕೊಡಿ, ಇಟ್ಟು ಹೋಗ್ತೆ’ ಅಂದಳು. ‘ಸಾಹೇಬರಿಲ್ಲ.’ ‘ಬರೂವರೆಗೆ ಇರ್ತೆ.’ ಬೆಳಿಗ್ಗೆ ಹನ್ನೊಂದಕ್ಕೆ ಹೋದವಳು ಮಧ್ಯಾಹ್ನ ಮೂರೂವರೆ ತನಕ ಬಾಗಿಲ ಪಕ್ಕ ನಿಂತಳು. ಬಯ್ಯಲಿಲ್ಲ, ಅಳಲಿಲ್ಲ, ಘೋಷಣೆ ಕೂಗಲಿಲ್ಲ. ಮೂರೂವರೆಗೆ ಸೀಲು ಒತ್ತಿ, ತಾರೀಕು ಹಾಕಿ, ಸಹಿ ಮಾಡಿ ಕೊಟ್ಟರು. ಇಪ್ಪತ್ತಮೂರೂ ಅರ್ಜಿಗೆ.

ಆ ಸೀಲಿಗೆ ಏನು ಬೆಲೆ? ಒಂದು ಅಂಗುಲ ಭೂಮಿಯೂ ಬರಲಿಲ್ಲ ಅದರಿಂದ. ಆದರೆ ‘ನಿಮ್ಮ ಅರ್ಜಿಯೇ ಬಂದಿಲ್ಲ’ ಅನ್ನುವ ಬಾಯಿ ಮುಚ್ಚಿತು. ಅರ್ಜಿಯ ವಿಚಾರಣೆ ಮುಗಿಯುವ ವರೆಗೆ ಎಬ್ಬಿಸುವಂತಿಲ್ಲ ಅಂತ ಆ ಕಾಯ್ದೆಯಲ್ಲೇ ಇದೆ. ಅರ್ಜಿ ವಿಚಾರಣೆಯಲ್ಲಿದೆ ಅನ್ನುವುದಕ್ಕೆ ಆ ಸೀಲೇ ಸಾಕ್ಷಿ. ಕೊನೇ ಬಸ್ಸಿಗೆ ಬಂದ ಅವಳಿಗಾಗಿ ಕೇರಿಯ ಮಂದಿ ರಸ್ತೆಯ ತಿರುವಿನಲ್ಲಿ ಕಾದಿದ್ದರು. ಕಾಗದ ಕೈಯಿಂದ ಕೈಗೆ ಹೋಯಿತು. ಓದು ಬಾರದವರೂ ಸೀಲಿನ ಮೇಲೆ ಬೆರಳಾಡಿಸಿ ನೋಡಿದರು. ಮುಂದಿನ ಸಭೆಗೆ ಮೂವತ್ತನಾಲ್ಕು ಜನ.

ಈಗ ನಮ್ಮ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಜಂಬ ಆಗುತ್ತದೆ. ಆ ಉಮೇದಿನಲ್ಲಿ ನಾವು ನೀರಿನ ನಲ್ಲಿಗೆ ಹೋರಾಡಿದೆವು. ಆರು ಸಲ ಅರ್ಜಿ, ಎರಡು ಸಲ ಖಾಲಿ ಕೊಡ ಇಟ್ಟುಕೊಂಡು ಕೂತದ್ದು. ನಲ್ಲಿ ಬಂತು. ನೀರು ಬಿಡುವ ದಿನ ಒಬ್ಬ ದೊಡ್ಡ ಮನುಷ್ಯರು ಬರುತ್ತೇವೆ ಅಂತ ಹೇಳಿ ಕಳಿಸಿದರು. ಬಂದರೆ ಒಳ್ಳೆಯದಲ್ಲವೇ, ಮುಂದಿನ ಕೆಲಸಕ್ಕೆ ಅನುಕೂಲ ಆಗುತ್ತದೆ ಅಂತ ನಾವೇ ಶಾಮಿಯಾನ ಹಾಕಿದೆವು. ಹಾರ ತಂದೆವು, ಶಾಲು ತಂದೆವು. ಫೋಟೋ ತೆಗೆದರು. ಕೊಡ ಹೊತ್ತು ಕೂತಿದ್ದ ಹೆಂಗಸರು ಫೋಟೋದ ಹೊರಗೆ ನಿಂತಿದ್ದರು. ಮಾರನೇ ದಿನ ಕೇರಿಯ ಮಕ್ಕಳನ್ನು ಕೇಳಿದೆ: ‘ನಲ್ಲಿ ಯಾರು ಹಾಕಿಸಿದ್ದು?’ ‘ಸಾಹೇಬ್ರು.’

ನಮ್ಮ ಕೈಯಾರೆ ನಮ್ಮ ಗೆಲುವನ್ನು ನಾವು ಇನ್ನೊಬ್ಬರ ಕೊರಳಿಗೆ ಹಾಕಿ ಬಂದಿದ್ದೆವು. ನೀರು ನಮಗೆ, ಧೈರ್ಯ ಅವರಿಗೆ. ಮುಂದಿನ ಕಷ್ಟ ಬಂದಾಗ ಕೇರಿಯವರು ಎಲ್ಲಿಗೆ ಹೋದರು? ಪುಸ್ತಕದ ಹತ್ತಿರ ಬರಲಿಲ್ಲ, ಸಾಹೇಬರ ಬಾಗಿಲಿಗೆ ಹೋದರು. ಆ ತಪ್ಪನ್ನು ತಿದ್ದಲಿಕ್ಕೆ ನಮಗೆ ಒಂದು ವರ್ಷ ಹಿಡಿಯಿತು. ಅದಕ್ಕೇ ಹೇಳುತ್ತೇನೆ, ಸಣ್ಣ ಗೆಲುವಿಗೆ ಹಬ್ಬ ಮಾಡುವ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಹಾರ ಯಾರ ಕೊರಳಿಗೆ? ಅರ್ಜಿ ಬರೆದವಳಿಗೆ, ನಿಂತವಳಿಗೆ, ಹೆಬ್ಬೆಟ್ಟು ಒತ್ತಿದವಳಿಗೆ ಹಾಕಿ. ಅವರಿಗೆ ಹಾಕಲು ನಾಚಿಕೆ ಆಗುತ್ತದೆಯೇ, ಹಾರವೇ ಬೇಡ, ಅವಲಕ್ಕಿ ಸಾಕು.

ಇದು ನಮ್ಮ ಕೇರಿಯ ಸಣ್ಣ ಕತೆ ಆಯಿತು. ದೊಡ್ಡವರ ಕತೆ ನೋಡುವಾ. ಮಹಾಡದ ಕೆರೆಯ ವಿಚಾರ ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಬಾಬಾಸಾಹೇಬರು ನೀರು ಕುಡಿದರು, ನಾವು ಗೆದ್ದೆವು, ಜೈ ಭೀಮ್, ಮುಗಿಯಿತು. ಹಾಗಲ್ಲ. ಮಹಾಡ ನಮ್ಮ ಚರಿತ್ರೆಯ ದೊಡ್ಡ ಸೋಲುಗಳಲ್ಲೂ ಒಂದು. ಇನ್ನೂ ಒಂದು ಮಾತು, ಅದು ಪರದೇಶದ ಕತೆಯೂ ಅಲ್ಲ. 1862ರಿಂದ 1956ರ ವರೆಗೆ ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಮಹಾಡಕ್ಕೆ ಯಾವ ಕಾನೂನೋ ಭಟ್ಕಳ, ಹೊನ್ನಾವರ, ಕುಮಟೆಗೂ ಅದೇ ಕಾನೂನು.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸೀತಾರಾಮ ಕೇಶವ ಬೋಲೆ ಅನ್ನುವವರು ಒಂದು ನಿರ್ಣಯ ಪಾಸು ಮಾಡಿಸಿದರು. ಸರ್ಕಾರಿ ದುಡ್ಡಿನ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡದ ಮುನಿಸಿಪಾಲಿಟಿ ತನ್ನ ಚವದಾರ ಕೆರೆಯೂ ತೆರೆದಿದೆ ಅಂತ ಠರಾವು ಮಾಡಿತು. ಎರಡು ಕಾಗದ ಆಯಿತು. ಮೂರು ವರ್ಷ ಒಂದು ಹನಿ ನೀರು ಯಾರೂ ಮುಟ್ಟಲಾಗಲಿಲ್ಲ. ನಮ್ಮ ಜಿಲ್ಲೆಯ ಬಾವಿಗಳೂ ಆ ಕಾಗದದ ಮೇಲೆ 1923ರಲ್ಲೇ ನಮಗೆ ತೆರೆದಿದ್ದವು! ಅಜ್ಜಿಯ ಮಾವ ಮಾತ್ರ ಬೇರೆ ಬಾವಿಯಲ್ಲಿ ನೀರು ಸೇದಬೇಕಾಯಿತು.

1927ರ ಮಾರ್ಚ್ 20. ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಎರಡು ತಾಸು ಕಳೆಯಲಿಲ್ಲ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಅಂತ ಪುಕಾರು ಎಬ್ಬಿಸಿ ಸವರ್ಣೀಯರು ಬಡಿಗೆ ತಂದರು. ಚಪ್ಪರದಲ್ಲಿ ಊಟಕ್ಕೆ ಕೂತವರನ್ನು ಹೊಡೆದರು. ದಾರಿಯಲ್ಲಿ ಒಂಟಿ ಸಿಕ್ಕವರನ್ನು ಹೊಡೆದರು. ಆಮೇಲೆ ನೂರೆಂಟು ಕೊಡ ನೀರು ತೆಗೆದು, ಸಗಣಿ, ಗಂಜಳ, ಹಾಲು, ಮೊಸರು ಹಾಕಿ ಕೆರೆಯನ್ನು ಶುದ್ಧ ಮಾಡಿದರು. ಆಗಸ್ಟಿನಲ್ಲಿ ಮುನಿಸಿಪಾಲಿಟಿ ತನ್ನ ಹಳೇ ಠರಾವನ್ನೇ ರದ್ದು ಮಾಡಿತು. ಅಂದರೆ ಕುಡಿಯುವುದಕ್ಕೆ ಮೊದಲು ಕಾಗದವಾದರೂ ಇತ್ತು, ಕುಡಿದ ಮೇಲೆ ಕಾಗದವೂ ಹೋಯಿತು.

ಡಿಸೆಂಬರಿನಲ್ಲಿ ಮತ್ತೆ ಸೇರಿದರು. ಈ ಸಲ ಕುಡಿದೇ ತೀರುತ್ತೇವೆ ಅಂತ ಸಾವಿರಾರು ಜನ ಬಂದಿದ್ದಾರೆ. ಎದುರಿನವರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಚಪ್ಪರಕ್ಕೆ ಹಿಂದೂಗಳು ಯಾರೂ ಜಾಗ ಕೊಡಲಿಲ್ಲ, ಒಬ್ಬ ಮುಸಲ್ಮಾನರು ಕೊಟ್ಟರು. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟರು. ಕೆರೆಗೆ ಹೋಗುವ ಮಾತು ಬಂದಾಗ ಬಾಬಾಸಾಹೇಬರು ಜನರ ಮುಂದೆ ನಿಂತು ಸತ್ಯಾಗ್ರಹ ಮುಂದೂಡುವಾ ಅಂದರು. ಜೀವ ಕೊಡಲು ತಯಾರಾಗಿ ಬಂದವರಿಗೆ ವಾಪಸು ಹೋಗಿ ಅಂತ ಹೇಳುವುದು! ಆ ಹೊತ್ತಿನಲ್ಲಿ ಅವರ ಮನಸ್ಸು ಹೇಗಿತ್ತೋ. ನಾನು ಇಪ್ಪತ್ತಮೂರು ಮನೆಯ ಮುಖ ನೋಡಲಾರದೆ ಹಾಡಿಯ ದಾರಿ ಹಿಡಿದವನು, ನನಗೆ ಆ ಜಾಗ ಓದುವಾಗ ಈಗಲೂ ಗಂಟಲು ಕಟ್ಟುತ್ತದೆ.

ಅವರು ಹಾಡಿಯ ದಾರಿ ಹಿಡಿಯಲಿಲ್ಲ. ಜನರನ್ನು ಸಾಲು ಹಿಡಿಸಿ ಊರಿನಲ್ಲಿ ಮೆರವಣಿಗೆ ಮಾಡಿಸಿದರು. ನೀರು ಮುಟ್ಟಲಿಲ್ಲ, ಆದರೆ ತಲೆ ತಗ್ಗಿಸಿ ಊರು ಬಿಡಲಿಲ್ಲ. ಆಮೇಲೆ ಹೆಂಗಸರನ್ನು ಸೇರಿಸಿ ಮಾತಾಡಿದರು. ಜಾತಿಯ ಗುರುತಾಗುವ ಹಾಗೆ ಮೊಣಕಾಲಿಗೆ ಸೀರೆ ಉಡಬೇಡಿ, ಕಾಲಿನ ಗಂಟಿನ ತನಕ ಉಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಅಂದರು. ಹಲವು ಹೆಂಗಸರು ಅಲ್ಲೇ ಸೀರೆ ಉಡುವ ರೀತಿ ಬದಲಿಸಿಕೊಂಡು ಊರಿಗೆ ಹೋದರಂತೆ. ಯೋಚನೆ ಮಾಡಿ. ಕೆರೆ ಸಿಗಲಿಲ್ಲ. ಕೋರ್ಟು ಎದುರು ನಿಂತಿದೆ. ಮುನಿಸಿಪಾಲಿಟಿ ಎದುರು ನಿಂತಿದೆ. ಆ ದಿನ ಯಾರ ಅಪ್ಪಣೆಯೂ ಬೇಡದೆ ತಮ್ಮ ಕೈಯಿಂದಲೇ ಆಗುವ ಒಂದು ಗೆಲುವು ಯಾವುದು ಅಂತ ಹುಡುಕಿದರು. ಸೀರೆಯ ಅಂಚು ಇಳಿಸುವುದು! ಅದನ್ನು ಯಾವ ಕೋರ್ಟು ತಡೆಯುತ್ತದೆ?

ಕೇಸು ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿಗೆ ಹತ್ತುತ್ತಾ ಹೋಯಿತು. 1937ರ ಮಾರ್ಚ್ 17ಕ್ಕೆ ಮುಂಬಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಬೊಗಸೆ ನೀರಿನಿಂದ ತೀರ್ಪಿಗೆ ಹತ್ತು ವರ್ಷಕ್ಕೆ ಮೂರು ದಿನ ಕಡಿಮೆ.

ಈಗ ಹೇಳಿ, ನಾವು ಪ್ರತಿ ವರ್ಷ ಯಾವ ದಿನ ಆಚರಿಸುತ್ತೇವೆ? ಮಾರ್ಚ್ 17ನ್ನು? ಈ ಕೋಣೆಯಲ್ಲಿ ಆ ತಾರೀಕು ಗೊತ್ತಿದ್ದವರು ಎಷ್ಟು ಜನ? ನಾವು ಆಚರಿಸುವುದು ಮಾರ್ಚ್ 20ನ್ನು, ಡಿಸೆಂಬರ್ 25ನ್ನು. ಪೆಟ್ಟು ತಿಂದ ದಿನ, ಕೆರೆಯ ಬಾಗಿಲು ಮುಚ್ಚಿದ್ದ ದಿನ. ಕೋರ್ಟು ಕೊಟ್ಟದ್ದನ್ನು ನಮ್ಮ ಜನ ಮರೆತರು, ತಾವು ಎತ್ತಿದ ಬೊಗಸೆಯನ್ನು ನೆನಪಿಟ್ಟರು. ಯಾರೂ ಹೇಳಿಕೊಡದೆ ನಮ್ಮ ಹಿರಿಯರಿಗೆ ಗೊತ್ತಿತ್ತು ಹಾರ ಯಾರ ಕೊರಳಿಗೆ ಅಂತ.

ನಮ್ಮ ರಾಜ್ಯದಲ್ಲೂ ಹಾಗೇ ಆಯಿತು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅನ್ನುವ ಒಂದು ಮಾತು ಹೇಳಿ ಮಂತ್ರಿ ಪದವಿ ಕಳೆದುಕೊಂಡರು. ನಮ್ಮ ಹುಡುಗರು ಪೆಟ್ಟು ತಿಂದರು. ಆ ಸೋಲಿನ ಒಳಗಿಂದಲೇ ಭದ್ರಾವತಿಯ ಕಡೆ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಸಂಘಟನೆ ಕಟ್ಟಿದರು.

ಆದರೆ ಬಂಧುಗಳೇ, ಈ ಸಣ್ಣ ಗೆಲುವಿನ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅಲ್ಲಿಗೆ ಹೋಗಿ ‘ಚಿಂತೆ ಬೇಡ, ಸಣ್ಣ ಸಣ್ಣ ಗೆಲುವು ಆಚರಿಸಿ’ ಅಂತ ಹೇಳುವವನ ನಾಲಿಗೆ ಸೇದಿಹೋಗಲಿ. ಕೆಲವು ಸೋಲಿಗೆ ಅವಲಕ್ಕಿ ಇಲ್ಲ. ಅಲ್ಲಿ ಕೂತು ಅವರ ಜೊತೆ ಅಳಬೇಕು, ಮರೆಯಬಾರದು, ಅಷ್ಟೇ. ಯಾವ ಸೋಲು ಯಾವ ಜಾತಿಯದ್ದು ಅಂತ ಕಾರ್ಯಕರ್ತನಿಗೆ ಗೊತ್ತಿರಬೇಕು.

ಇನ್ನೊಂದು ಮೋಸವೂ ಇದೆ. ಆಳುವವರಿಗೆ ನಮ್ಮ ಸಣ್ಣ ಗೆಲುವು ಅಂದರೆ ಬಹಳ ಇಷ್ಟ. ಭೂಮಿ ಕೇಳಿದವನಿಗೆ ಒಂದು ಸೋಲಾರ್ ದೀಪ ಕೊಡುತ್ತಾರೆ, ಅದಕ್ಕೊಂದು ಸಮಾರಂಭ ಮಾಡುತ್ತಾರೆ, ಬೋರ್ಡು ಹಾಕುತ್ತಾರೆ. ದೀಪ ಬೇಡ ಅನ್ನುವುದಿಲ್ಲ, ಕತ್ತಲೆಯಲ್ಲಿ ಹಾವು ಕಚ್ಚುತ್ತದೆ, ತಗೊಳ್ಳಿ. ಆದರೆ ನಿಮ್ಮ ಪುಸ್ತಕದಲ್ಲಿ ಅದನ್ನು ಭೂಮಿಯ ಖಾತೆಗೆ ಬರೆಯಬೇಡಿ. ನಮ್ಮ ಪುಸ್ತಕದಲ್ಲಿ ಎಡಪುಟದಲ್ಲಿ ಆಗಿದ್ದು, ಬಲಪುಟದಲ್ಲಿ ಆಗಬೇಕಾದ್ದು ಬರೆಯುತ್ತೇವೆ. ಬಲಪುಟದ ಮೊದಲ ಸಾಲು ಮೊದಲ ದಿನದಿಂದಲೂ ಒಂದೇ: ಇಪ್ಪತ್ತಮೂರು ಹಕ್ಕುಪತ್ರ. ಪ್ರತಿ ಪುಟದಲ್ಲೂ ಅದನ್ನು ಮತ್ತೆ ಬರೆಯುತ್ತೇವೆ. ಬೇಸರವಾಗುತ್ತದೆ, ಆದರೂ ಬರೆಯುತ್ತೇವೆ.

ಹಕ್ಕುಪತ್ರ ಇನ್ನೂ ಬಂದಿಲ್ಲ. ಕೇಳುವಿರಿ ಅಂತ ಮೊದಲೇ ಹೇಳಿದೆ. ಅಜ್ಜಿ ಎರಡು ವರ್ಷದ ಹಿಂದೆ ಹೋದಳು. ಆ ಬಾವಿಯಿಂದ ನೂರು ಮಾರು ದೂರದ ನಮ್ಮ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಅವಳ ಹೇಳಿಕೆಯ ನಕಲು ಇಪ್ಪತ್ತೆರಡು ಫೈಲಿನಲ್ಲಿ ಇದೆ. ಸೀಲು ತಂದ ಹುಡುಗಿ ಈಗ ಬೇರೆ ಮೂರು ಕೇರಿಯ ಅರ್ಜಿ ಬರೆಯುತ್ತಾಳೆ. ಇವತ್ತು ಇಲ್ಲಿಗೆ ಬಂದಿದ್ದಾಳೆ, ಹಿಂದೆ ಕೂತಿದ್ದಾಳೆ. ಏಳು ಅಂದರೆ ಏಳುವವಳಲ್ಲ, ಬಿಡಿ.

ಸಭೆ ಮುಗಿದ ಮೇಲೆ ಅವಳ ಹತ್ತಿರ ಮಾತಾಡಿ. ಮುಂದಿನ ಸಲ ಬರುವಾಗ ನಿಮ್ಮ ನಿಮ್ಮ ಮನೆಯ ಮಾಡು, ಪೆಟ್ಟಿಗೆ, ಅಕ್ಕಿ ಡಬ್ಬಿ ಹುಡುಕಿ ಹಳೇ ಕಾಗದ ತನ್ನಿ. ಮುಖ್ಯವಾಗಿ ಸೊಪ್ಪು ಕಡಿದದ್ದಕ್ಕೋ, ಗುಡಿಸಲು ಹಾಕಿದ್ದಕ್ಕೋ ಫಾರೆಸ್ಟಿನವರು ನಿಮ್ಮ ಅಜ್ಜನಿಗೆ ದಂಡ ಹಾಕಿದ ರಶೀದಿ. ಅವಮಾನ ಅಂತ ಸುಟ್ಟಿದ್ದರೆ ಹೋಯಿತು, ಉಳಿದಿದ್ದರೆ ತನ್ನಿ. ಅಜ್ಜ ಆ ದಿನ ಅಲ್ಲಿದ್ದ ಅಂತ ಅವರೇ ಬರೆದುಕೊಟ್ಟ ಕಾಗದ ಅದು. ತಾರೀಕು ಅಳಿಸಿದ್ದರೂ ಪರವಾಗಿಲ್ಲ, ತನ್ನಿ, ಒಟ್ಟಿಗೆ ಕೂತು ಓದುವಾ.